ಮಕ್ಕಳ ಕರುಳಿನ ಉರಿಯೂತಕ್ಕೆ ದೊಡ್ಡವರ ಔಷಧಿ ಚೀಟಿ ಸಾಲದು

ಮಗುವನ್ನು ಗೋಡೆಗೆ ನಿಲ್ಲಿಸಿ ತಲೆಯ ಮಟ್ಟಕ್ಕೆ ಪೆನ್ಸಿಲ್ ಗೆರೆ ಎಳೆಯುವ ರೂಢಿ ಎಷ್ಟೋ ಮನೆಗಳಲ್ಲಿದೆ. ಕರುಳಿನ ಉರಿಯೂತದ ಕ್ರೋನ್ಸ್ ಕಾಯಿಲೆಯ ಮೊದಲ ಸುಳಿವು ಕೆಲವು ಮಕ್ಕಳಲ್ಲಿ ಆ ಗೆರೆಯಲ್ಲೇ ಸಿಗುತ್ತದೆ. ಹೋದ ಯುಗಾದಿಯ ಗೆರೆಗೂ ಈ ಯುಗಾದಿಯ ಗೆರೆಗೂ ಎರಡು ಬೆರಳಿನ ಅಂತರವೂ ಇರುವುದಿಲ್ಲ. ಭೇದಿ ಇಲ್ಲ, ಮಲದಲ್ಲಿ ರಕ್ತ ಇಲ್ಲ. ಊಟ ಸೇರುತ್ತಿಲ್ಲ, ಆಗಾಗ ಬಾಯಿಹುಣ್ಣು, ಸಂಜೆ ಹೊತ್ತು ಸಣ್ಣ ಜ್ವರ, ರಕ್ತಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ 9. "ಅವರಪ್ಪನೂ ಈ ವಯಸ್ಸಲ್ಲಿ ಕುಳ್ಳಗೇ ಇದ್ದ" ಅಂತ ಮನೆಯವರು ಸಮಾಧಾನ ಮಾಡಿಕೊಳ್ಳುತ್ತಾರೆ. ಜಂತಿನ ಔಷಧಿ, ಕಬ್ಬಿಣದ ಟಾನಿಕ್, ಹಸಿವಿನ ಟಾನಿಕ್ ಅಂತ ಒಂದು ವರ್ಷ ಕಳೆಯುತ್ತದೆ. ಮೂವತ್ತೈದರ ವ್ಯಕ್ತಿಗೆ ಅದು ಕಷ್ಟಪಟ್ಟ ಒಂದು ವರ್ಷ, ಅಷ್ಟೇ. ಹನ್ನೊಂದರ ಹುಡುಗನಿಗೆ ಅದು ಎತ್ತರದ ಲೆಕ್ಕದಿಂದಲೂ ಕಳೆದುಹೋಗುತ್ತದೆ. ಎಲುಬಿನ ತುದಿಯಲ್ಲಿ ಬೆಳೆಯುವ ಮೃದ್ವಸ್ಥಿ ಗಟ್ಟಿಯಾಗಿ ಕೂಡಿಕೊಂಡ ಮೇಲೆ ಕರುಳು ಎಷ್ಟೇ ಚೆನ್ನಾಗಿ ವಾಸಿಯಾದರೂ ಎತ್ತರ ವಾಪಸ್ ಬರುವುದಿಲ್ಲ. ಮಕ್ಕಳ ಐಬಿಡಿ (ಕರುಳಿನ ದೀರ್ಘಕಾಲದ ಉರಿಯೂತ) ಚಿಕಿತ್ಸೆಯಲ್ಲಿ ಬೇರೆಯಾಗಿ ಕಾಣುವ ಹೆಚ್ಚಿನದೆಲ್ಲ ಈ ಗಡುವಿನಿಂದ ಹುಟ್ಟಿದ್ದು.

ಐಬಿಡಿ ಅಂದರೆ ಮುಖ್ಯವಾಗಿ ಎರಡು ಕಾಯಿಲೆ. ಅಲ್ಸರೇಟಿವ್ ಕೊಲೈಟಿಸ್ ದೊಡ್ಡ ಕರುಳಿನ ಒಳಪದರಕ್ಕೆ ಸೀಮಿತ. ಕ್ರೋನ್ಸ್ ಬಾಯಿಯಿಂದ ಗುದದ್ವಾರದವರೆಗೆ ಎಲ್ಲಿ ಬೇಕಾದರೂ ಬರಬಹುದು, ಕರುಳಿನ ಗೋಡೆಯ ಪೂರ್ತಿ ದಪ್ಪಕ್ಕೂ ಇಳಿಯಬಹುದು. ಪರೀಕ್ಷೆಯಲ್ಲೆಲ್ಲ ಕರುಳು ಸರಿಯಾಗಿಯೇ ಕಾಣುವ ಐಬಿಎಸ್ ಬೇರೆ. ಒಂದಕ್ಷರದ ವ್ಯತ್ಯಾಸದಿಂದ ಜನ ಎರಡನ್ನೂ ಕಲಸಿಕೊಳ್ಳುತ್ತಾರೆ. ಕೆಳಗೆ ಬರುವ ಪ್ರಮಾಣಗಳು ನಿಮ್ಮ ಕೈಯಲ್ಲಿರುವ ಚೀಟಿಯನ್ನು ಅರ್ಥ ಮಾಡಿಕೊಳ್ಳಲಿಕ್ಕೆ, ಮನೆಯಲ್ಲಿ ಕೂತು ಬದಲಿಸಲಿಕ್ಕಲ್ಲ.

ಆಮಶಂಕೆ, ಮೂಲವ್ಯಾಧಿ, ಕ್ಷಯ

ಮಲದಲ್ಲಿ ರಕ್ತ ಕಂಡರೆ ದೊಡ್ಡವರಲ್ಲಿ ಮೂಲವ್ಯಾಧಿ ಅನ್ನುತ್ತೇವೆ, ಮಕ್ಕಳಲ್ಲಿ ಆಮಶಂಕೆ ಅನ್ನುತ್ತೇವೆ. ಎರಡೂ ಊಹೆ ಸಾಕಷ್ಟು ಸಲ ಸರಿಯೇ ಇರುತ್ತದೆ, ತೊಂದರೆ ಇರುವುದೂ ಅಲ್ಲೇ. ಆಮಶಂಕೆಗೆ ಕೊಡುವ ಮೆಟ್ರೊನಿಡಜೋಲ್ ಒಂದು ಕೋರ್ಸ್ ಮುಗಿದ ಮೇಲೂ ರಕ್ತ ನಿಲ್ಲದಿದ್ದರೆ ಎರಡನೇ ಕೋರ್ಸ್ ಬರೆಯುವ ಮೊದಲು ಮಲದ ಕಲ್ಚರ್, ಸಿ. ಡಿಫಿಸಿಲ್ (ಭೇದಿ ತರುವ ಒಂದು ಬ್ಯಾಕ್ಟೀರಿಯಾ) ಮತ್ತು ಕರುಳಿನ ಉರಿಯೂತ ತೋರಿಸುವ ಕ್ಯಾಲ್‌ಪ್ರೊಟೆಕ್ಟಿನ್ ಪರೀಕ್ಷೆ ಮಾಡಿಸಬೇಕು. ಕ್ಯಾಲ್‌ಪ್ರೊಟೆಕ್ಟಿನ್ ಮಟ್ಟ ನಾಲ್ಕು ವರ್ಷದೊಳಗಿನ ಆರೋಗ್ಯವಂತ ಮಕ್ಕಳಲ್ಲೂ ಜಾಸ್ತಿ ಇರುತ್ತದೆ, ಅವರಿಗೆ ದೊಡ್ಡವರ ಮಿತಿ ಹಿಡಿದು ಓದಬಾರದು. ಇನ್ನೊಂದು ಮಾತು: ಮಕ್ಕಳಿಗೆ ಮೂಲವ್ಯಾಧಿ ಬಹಳ ಅಪರೂಪ. ಗುದದ್ವಾರದ ಅಂಚಿನಲ್ಲಿ ದಪ್ಪ ಚರ್ಮದ ಮಡಿಕೆ, ವಾಸಿಯಾಗದ ಸೀಳು, ಕೀವು ಸೋರುವ ರಂಧ್ರ ಕಂಡರೆ ಮೊದಲು ನೆನಪಾಗಬೇಕಾದದ್ದು ಕ್ರೋನ್ಸ್. ಎಷ್ಟೋ ಮಕ್ಕಳಲ್ಲಿ ಯಾರೂ ಆ ಜಾಗ ನೋಡಿಯೇ ಇರುವುದಿಲ್ಲ.

ದೊಡ್ಡವರಿಗೆ ಕೊಲೊನೊಸ್ಕೋಪಿ ಮಾಡಿ ಸಣ್ಣ ಕರುಳಿನ ಕೊನೆಯನ್ನೂ ನೋಡಿದರೆ ಸಾಮಾನ್ಯವಾಗಿ ಸಾಕು. ಮಕ್ಕಳಲ್ಲಿ ಬಾಯಿಯಿಂದಲೂ ಸ್ಕೋಪ್ ಹಾಕಿ, ಎಲ್ಲ ಭಾಗದಿಂದಲೂ ಬಯಾಪ್ಸಿ ತೆಗೆಯಬೇಕು ಅನ್ನುವುದು ಮಕ್ಕಳ ಐಬಿಡಿ ಪತ್ತೆಗೆ ತಜ್ಞರು ಒಪ್ಪಿದ ಪೋರ್ಟೊ ಮಾನದಂಡ. ಎರಡೂ ಒಂದೇ ಅರಿವಳಿಕೆಯಲ್ಲಿ ಮುಗಿಯುತ್ತದೆ. ಜಠರ, ಅದರಾಚೆಗಿನ ಡ್ಯುಯೊಡಿನಮ್‌ನಿಂದ ತೆಗೆದ ಚೂರಿನಲ್ಲಿ ಗ್ರ್ಯಾನುಲೋಮಾ (ಉರಿಯೂತದ ಕಣಗಳ ಸಣ್ಣ ಗಂಟು) ಸಿಕ್ಕಿದರೆ ಕೊಲೈಟಿಸ್ಸೋ ಕ್ರೋನ್ಸೋ ಅನ್ನುವ ಗೊಂದಲ ಅಲ್ಲಿಗೇ ಮುಗಿಯಬಹುದು. ಸಣ್ಣ ಕರುಳಿನ ಚಿತ್ರಕ್ಕೆ ದೊಡ್ಡವರಿಗೆ ಸಿಟಿ ಮಾಡುವುದುಂಟು. ಮಕ್ಕಳಿಗೆ ಆದಷ್ಟು ಎಂಆರ್‌ಐ ಅಥವಾ ಅಲ್ಟ್ರಾಸೌಂಡ್. ಈ ಕಾಯಿಲೆಯಲ್ಲಿ ಜೀವಮಾನವಿಡೀ ಚಿತ್ರ ತೆಗೆಸುತ್ತಲೇ ಇರಬೇಕಾಗುತ್ತದೆ, ವಿಕಿರಣದ ಲೆಕ್ಕ ಹತ್ತನೇ ವಯಸ್ಸಿನಿಂದಲೇ ಶುರುವಾಗುವುದು ಬೇಡ.

ನಮ್ಮಲ್ಲಿ ಇದರ ಜೊತೆಗೆ ಕರುಳಿನ ಕ್ಷಯ ಇದೆ. ಅದೂ ಕ್ರೋನ್ಸ್ ಹಾಗೆಯೇ ಸಣ್ಣ ಕರುಳು ದೊಡ್ಡ ಕರುಳಿಗೆ ಸೇರುವ ಜಾಗದಲ್ಲೇ ಕೂರುತ್ತದೆ. ಅಡ್ಡಡ್ಡ ಹುಣ್ಣು, ಬಾಯ್ತೆರೆದ ಕವಾಟ ಕ್ಷಯದ ಕಡೆಗೆ. ಉದ್ದುದ್ದ ಹುಣ್ಣು, ನಡುನಡುವೆ ಬಿಟ್ಟು ಬರುವ ಉರಿಯೂತ, ಗುದದ್ವಾರದ ತೊಂದರೆ ಕ್ರೋನ್ಸ್ ಕಡೆಗೆ. ತೀರ್ಮಾನ ಆಗದಿದ್ದಾಗ ಕ್ಷಯದ ಔಷಧಿ ಕೊಟ್ಟು ನೋಡುವ ಪದ್ಧತಿ ಇದೆ. ಅದರಲ್ಲಿ ತಪ್ಪಿಲ್ಲ. ತಪ್ಪಾಗುವುದು ಎರಡು ತಿಂಗಳಾದ ಮೇಲೆ ಮತ್ತೆ ಸ್ಕೋಪ್ ಮಾಡದೆ "ಸ್ವಲ್ಪ ಪರವಾಗಿಲ್ಲ" ಅನ್ನುವ ಮಾತು ನಂಬಿ ಮುಂದುವರಿಸುವುದರಲ್ಲಿ. ಕ್ರೋನ್ಸ್ ಇರುವವರಿಗೂ ಆ ಔಷಧಿಯಿಂದ ತಾತ್ಕಾಲಿಕವಾಗಿ ಹಿತ ಅನ್ನಿಸಬಹುದು. ಹುಣ್ಣು ಒಣಗಿದೆಯೇ ಅನ್ನುವುದೊಂದೇ ಉತ್ತರ. ಮಗುವಾದರೆ ಆರು ತಿಂಗಳ ಕೋರ್ಸ್ ಪೂರ್ತಿ ಕಾಯುವಷ್ಟು ಸಮಯ ನಮ್ಮ ಕೈಯಲ್ಲಿರುವುದಿಲ್ಲ.

ಎಂಟು ಲೋಟದ ಚಿಕಿತ್ಸೆ

ಕ್ರೋನ್ಸ್‌ನಲ್ಲಿ ದಾರಿ ಕವಲೊಡೆಯುವುದು ಮೊದಲ ಹೆಜ್ಜೆಯಲ್ಲೇ. ದೊಡ್ಡವರಿಗೆ ಸಾಮಾನ್ಯವಾಗಿ ಪ್ರೆಡ್ನಿಸೊಲೋನ್ ಅನ್ನುವ ಸ್ಟಿರಾಯ್ಡ್ ದಿನಕ್ಕೆ 40 ಮಿ.ಗ್ರಾಂನಿಂದ ಶುರು ಮಾಡಿ ವಾರಕ್ಕೆ 5 ಮಿ.ಗ್ರಾಂನಂತೆ ಇಳಿಸುತ್ತಾರೆ; ಸಣ್ಣ ಕರುಳಿನ ಕೊನೆಯಲ್ಲಷ್ಟೇ ಇದ್ದರೆ ಬ್ಯುಡೆಸೊನೈಡ್ 9 ಮಿ.ಗ್ರಾಂ. ಮಕ್ಕಳಿಗೆ ಮೊದಲ ಆಯ್ಕೆ ಮಾತ್ರೆಯೇ ಅಲ್ಲ. ಆರರಿಂದ ಎಂಟು ವಾರ ಊಟ ಪೂರ್ತಿ ನಿಲ್ಲಿಸಿ, ಎಲ್ಲ ಪೋಷಕಾಂಶ ಇರುವ ಫಾರ್ಮುಲಾ ಪುಡಿಯನ್ನು ನೀರಿಗೆ ಕಲಸಿ ಅದನ್ನೇ ಕುಡಿಸುವುದು. ಸರಿಯಾಗಿ ಪಾಲಿಸಿದ ಮಕ್ಕಳಲ್ಲಿ ಸುಮಾರು ನೂರಕ್ಕೆ ಎಂಬತ್ತರಷ್ಟು ಮಂದಿಗೆ ಕಾಯಿಲೆ ಹತೋಟಿಗೆ ಬರುತ್ತದೆ. ಕರುಳಿನ ಹುಣ್ಣು ಒಣಗುವುದರಲ್ಲಿ ಇದು ಸ್ಟಿರಾಯ್ಡ್‌ಗಿಂತ ಮೇಲು, ಮೇಲಾಗಿ ತೂಕವೂ ಎತ್ತರವೂ ಏರುತ್ತದೆ.

ಲೆಕ್ಕ ಹೀಗೆ. 28 ಕೆಜಿ ತೂಕದ ಹತ್ತು ವರ್ಷದ ಹುಡುಗನಿಗೆ ದಿನಕ್ಕೆ ಸುಮಾರು 2,000 ಕಿಲೊಕ್ಯಾಲೊರಿ ಬೇಕು ಅಂದುಕೊಳ್ಳಿ. ಮಿಲಿಲೀಟರಿಗೆ ಒಂದು ಕಿಲೊಕ್ಯಾಲೊರಿ ಬರುವಂತೆ ಕಲಸಿದರೆ ಎರಡು ಲೀಟರ್, ಅಂದರೆ 250 ಮಿ.ಲೀ.ನ ಎಂಟು ಲೋಟ. 400 ಗ್ರಾಂ ಡಬ್ಬಿಯಲ್ಲಿ ಹೆಚ್ಚುಕಮ್ಮಿ 1,800 ಕಿಲೊಕ್ಯಾಲೊರಿ, ಹಾಗಾಗಿ ದಿನಕ್ಕೊಂದು ಡಬ್ಬಿಗಿಂತ ತುಸು ಹೆಚ್ಚೇ ಖರ್ಚು. ಈ ಖರ್ಚನ್ನು ಮೊದಲ ದಿನವೇ ಹೇಳಿಬಿಡಬೇಕು. ಮೂರನೇ ವಾರದಲ್ಲಿ ದುಡ್ಡು ಸಾಲದೆ ಪುಡಿಯನ್ನು ನೀರು ನೀರಾಗಿ ಕಲಸತೊಡಗಿದರೆ ತೂಕ ಏರುವುದಿಲ್ಲ, "ಈ ಚಿಕಿತ್ಸೆ ಕೆಲಸ ಮಾಡಲಿಲ್ಲ" ಅಂತ ಫೈಲಿನಲ್ಲಿ ಬರೆದುಹೋಗುತ್ತದೆ. ಇದರ ತದ್ವಿರುದ್ಧ ತಪ್ಪೂ ಇದೆ: ಬೇಗ ಮುಗಿಯಲಿ ಅಂತ ಗಟ್ಟಿಯಾಗಿ ಕಲಸಿದರೆ ಕರುಳು ನೀರು ಎಳೆದುಕೊಂಡು ಭೇದಿ ಆಗುತ್ತದೆ, ಅದನ್ನು ಕಾಯಿಲೆ ಜಾಸ್ತಿಯಾಯಿತು ಅಂತ ಓದಿಕೊಳ್ಳುತ್ತಾರೆ. ಡಬ್ಬಿಯ ಜೊತೆ ಬರುವ ಸ್ಪೂನನ್ನೇ ಬಳಸಿ, ಮಟ್ಟಸವಾಗಿ ಸವರಿ ಅಳೆಯಬೇಕು. ಅಡುಗೆಮನೆ ಚಮಚ ಬೇಡ.

ಮೊದಲ ದಿನ ಅರ್ಧ ಪ್ರಮಾಣ, ಮೂರರಿಂದ ಐದು ದಿನದಲ್ಲಿ ಪೂರ್ತಿ. ತೀರಾ ಸೊರಗಿದ ಮಗುವಾದರೆ ಇನ್ನೂ ನಿಧಾನ: ಉಪವಾಸಕ್ಕೆ ಒಗ್ಗಿದ ದೇಹಕ್ಕೆ ಒಮ್ಮೆಲೇ ಕ್ಯಾಲೊರಿ ಸುರಿದರೆ ರಕ್ತದ ಫಾಸ್ಫೇಟ್, ಪೊಟ್ಯಾಸಿಯಂ, ಮೆಗ್ನೀಸಿಯಂ ಕುಸಿದು ಹೃದಯಕ್ಕೇ ಅಪಾಯ. ಮೊದಲ ವಾರ ಈ ಮೂರನ್ನೂ ಪರೀಕ್ಷಿಸಬೇಕು. ಕಲಸಿದ್ದನ್ನು ಫ್ರಿಜ್ಜಿನಲ್ಲಿಟ್ಟರೆ 24 ಗಂಟೆ. ಮೂಗಿನ ನಳಿಕೆಯಿಂದ ಹೋಗುತ್ತಿರುವ ಚೀಲದಲ್ಲಾದರೆ 4 ಗಂಟೆ. ಕುದಿಸಬಾರದು. ತಣ್ಣಗೆ ಮಾಡಿ, ಮುಚ್ಚಳದ ಲೋಟದಲ್ಲಿ ಸ್ಟ್ರಾ ಹಾಕಿ ಕೊಟ್ಟರೆ ವಾಸನೆ ಕಡಿಮೆ ಹೊಡೆಯುತ್ತದೆ. ಎಂಟು ಲೋಟ ಕುಡಿಯಲಾಗದಿದ್ದರೆ ಉಳಿದದ್ದನ್ನು ರಾತ್ರಿ ನಳಿಕೆಯಿಂದ ಕೊಡಬಹುದು. ನಳಿಕೆ ಅಂದರೆ ಮಕ್ಕಳಿಗಿಂತ ಅಪ್ಪ–ಅಮ್ಮನೇ ಹೆಚ್ಚು ಹೆದರುತ್ತಾರೆ.

ಇನ್ನು "ಒಂದೇ ಒಂದು ತುತ್ತು." ದೇವರ ಪ್ರಸಾದ, ಅಜ್ಜಿ ಕೈತುತ್ತು, ಗೆಳೆಯನ ಹುಟ್ಟುಹಬ್ಬದ ಕೇಕು. ಒಂದು ತುತ್ತಿನಿಂದ ಆಕಾಶ ಬೀಳುವುದಿಲ್ಲ, ನಿಜ. ಆದರೆ ಅರ್ಧ ಫಾರ್ಮುಲಾ, ಅರ್ಧ ಮಾಮೂಲಿ ಊಟ ಅಂತಾದರೆ ಫಲ ಸ್ಪಷ್ಟವಾಗಿ ಇಳಿಯುತ್ತದೆ, ತುತ್ತುಗಳು ಅತ್ತ ಕಡೆಗೇ ಜಾರುತ್ತವೆ. ಆರು ವಾರವನ್ನು ಕ್ಯಾಲೆಂಡರ್ ನೋಡಿ ಹಾಕಿಕೊಳ್ಳಿ. ದಸರಾ–ದೀಪಾವಳಿ ನಡುವೆ ಶುರು ಮಾಡುವುದು ಮಗುವಿಗೆ ಶಿಕ್ಷೆ. ಒಗ್ಗರಣೆ ವಾಸನೆ ಬರುವ ಹೊತ್ತಿಗೆ ಮಗು ಹೊರಗೆ ಆಟದಲ್ಲಿರುವ ಹಾಗೆ ನೋಡಿಕೊಳ್ಳುವ ಮನೆಗಳಲ್ಲಿ ಇದು ದಡ ಸೇರುತ್ತದೆ. ಎರಡು ವಾರದಲ್ಲಿ ಹೊಟ್ಟೆನೋವು ಇಳಿದು, ರಕ್ತದಲ್ಲಿ ಉರಿಯೂತ ತೋರಿಸುವ ಸಿಆರ್‌ಪಿ ತಗ್ಗಿ, ತೂಕ ಏರಬೇಕು. ಏನೂ ಬದಲಾಗದಿದ್ದರೆ ಆರು ವಾರ ಎಳೆಯದೆ ಬೇರೆ ದಾರಿ ಹಿಡಿಯಬೇಕು.

ದೊಡ್ಡವರಿಗೆ ಇದನ್ನು ಯಾಕೆ ಕೊಡುವುದಿಲ್ಲ? ಪಟ್ಟು ಹಿಡಿದು ಕುಡಿದವರಿಗೆ ಉಪಯೋಗವಾಗುತ್ತದೆ, ಪಟ್ಟು ಹಿಡಿಯುವವರೇ ಕಡಿಮೆ. ಕೆಲಸ, ಪ್ರಯಾಣ, ಮದುವೆ–ಮುಂಜಿ. ಹಾಗಾಗಿ ಅವರಲ್ಲಿ ಇದು ಹೆಚ್ಚಾಗಿ ಶಸ್ತ್ರಚಿಕಿತ್ಸೆಗೆ ಮುಂಚೆ ಮೈಗೆ ಬಲ ತುಂಬಲು ಬಳಕೆಯಾಗುತ್ತದೆ. ಅರ್ಧ ಫಾರ್ಮುಲಾದ ಜೊತೆ ಆಯ್ದ ಆಹಾರ ಕೊಡುವ ಇನ್ನೊಂದು ಪದ್ಧತಿಯೂ ಬಂದಿದೆ. ಗೋಧಿ, ಹಾಲು, ಪೊಟ್ಟಣದ ತಿಂಡಿ ಬಿಟ್ಟು, ಕೋಳಿ, ಮೊಟ್ಟೆ, ಆಲೂಗಡ್ಡೆ, ಬಾಳೆಹಣ್ಣು, ಸೇಬು ಕಡ್ಡಾಯ ಅನ್ನುತ್ತದೆ ಅದು. ಸಸ್ಯಾಹಾರಿ ಮನೆಯಲ್ಲಿ ಪ್ರೋಟೀನಿನ ಲೆಕ್ಕವೇ ತಪ್ಪುವುದರಿಂದ ಇಂಟರ್ನೆಟ್ ಪಟ್ಟಿ ಹಿಡಿದು ಶುರು ಮಾಡಬೇಡಿ, ಡಯಟಿಶಿಯನ್ ಬೇಕು. ಅಲ್ಸರೇಟಿವ್ ಕೊಲೈಟಿಸ್ ಆಗಿದ್ದರೆ ಫಾರ್ಮುಲಾ ಕಾಯಿಲೆ ಇಳಿಸುವ ಚಿಕಿತ್ಸೆ ಅಲ್ಲ.

ಮಾತ್ರೆ, ಇಂಜೆಕ್ಷನ್, ತೂಕ

ಫಾರ್ಮುಲಾ ಉರಿ ಆರಿಸುತ್ತದೆ, ಆರಿದ್ದನ್ನು ಕಾಯುವುದಕ್ಕೆ ಬೇರೆ ಔಷಧಿ ಬೇಕು. ಅಜಥಯಾಪ್ರಿನ್ ದಿನಕ್ಕೆ ದೇಹತೂಕದ ಕಿಲೊಗೆ 2ರಿಂದ 2.5 ಮಿ.ಗ್ರಾಂ, ಪೂರ್ತಿ ಕೆಲಸ ಮಾಡಲು ಎರಡು–ಮೂರು ತಿಂಗಳು ತೆಗೆದುಕೊಳ್ಳುತ್ತದೆ. ಆದ್ದರಿಂದ ಫಾರ್ಮುಲಾ ಮುಗಿದ ಮೇಲಲ್ಲ, ಅದರ ಜೊತೆಗೇ ಶುರುವಾಗಬೇಕು. ಭಾರತೀಯರಲ್ಲಿ ಇದಕ್ಕೊಂದು ವಿಶೇಷ ಎಚ್ಚರಿಕೆ. ಪಾಶ್ಚಾತ್ಯ ಪುಸ್ತಕಗಳು ಈ ಔಷಧಿಯನ್ನು ದೇಹ ಸುರಕ್ಷಿತವಾಗಿ ಒಡೆಯಬಲ್ಲದೇ ಎಂದು ನೋಡುವ ಟಿಪಿಎಂಟಿ ಪರೀಕ್ಷೆ ಮಾಡಿಸಿ ಅನ್ನುತ್ತವೆ. ನಮ್ಮಲ್ಲಿ ಅದಕ್ಕಿಂತ ಎನ್‌ಯುಡಿಟಿ15 ಜೀನಿನ ದೋಷವೇ ಹೆಚ್ಚು ಕಾಡುವುದು. ಶುರುವಾದ ಕೆಲವು ವಾರಗಳಲ್ಲಿ ಬಾಚಣಿಗೆ ತುಂಬ ಕೂದಲು ಉದುರಿದರೆ ಎಣ್ಣೆ ಬದಲಿಸಬೇಡಿ, ಅವತ್ತೇ ಬಿಳಿರಕ್ತಕಣದ ಲೆಕ್ಕ ಮಾಡಿಸಿ. ಹದಿಹರೆಯದ ಹುಡುಗರಲ್ಲಿ ಇದನ್ನೂ ಉರಿಯೂತ ತಡೆಯುವ ಇಂಜೆಕ್ಷನ್ ಇನ್‌ಫ್ಲಿಕ್ಸಿಮ್ಯಾಬನ್ನೂ ಸೇರಿಸಿ ವರ್ಷಗಟ್ಟಲೆ ಕೊಟ್ಟರೆ ಅಪರೂಪಕ್ಕೆ ಯಕೃತ್ತು–ಗುಲ್ಮದ ಮಾರಕ ಲಿಂಫೋಮಾ (ಒಂದು ಬಗೆಯ ಕ್ಯಾನ್ಸರ್) ಬರುತ್ತದೆ. ಅದಕ್ಕೇ ಹುಡುಗರಿಗೆ ಮೆಥೊಟ್ರೆಕ್ಸೇಟ್ ಕಡೆ ವಾಲುವವರಿದ್ದಾರೆ. ಅದು ವಾರಕ್ಕೆ ಒಂದೇ ಸಲ. ದಿನಾ ನುಂಗಿ ಎಲುಬಿನ ಮಜ್ಜೆ ಒಣಗಿಸಿಕೊಳ್ಳುವ ಅವಘಡ ಮತ್ತೆ ಮತ್ತೆ ಆಗುವಂಥದ್ದು, ಹಾಗಾಗಿ ಚೀಟಿಯ ಮೇಲೆ ವಾರದ ಹೆಸರು ಬರೆದಿರಬೇಕು, ಫೋಲಿಕ್ ಆಸಿಡ್‌ಗೆ ಬೇರೆ ದಿನ ಬರೆದಿರಬೇಕು. ಹದಿನಾರರ ಹುಡುಗಿಗೆ ಕೊಡುವಾಗ ಗರ್ಭಕ್ಕೆ ಇದರಿಂದಾಗುವ ಹಾನಿಯನ್ನು ಅವಳಿಗೇ ತಿಳಿಸಬೇಕು, ಅಮ್ಮನಿಗೆ ಮಾತ್ರ ಅಲ್ಲ.

ಸ್ಟಿರಾಯ್ಡ್ ಮಕ್ಕಳಿಗೆ ಕೊಡುವುದೇ ಇಲ್ಲ ಅಂತಲ್ಲ. ಕಿಲೊಗೆ 1 ಮಿ.ಗ್ರಾಂ, ಹೆಚ್ಚೆಂದರೆ 40, ಬೆಳಿಗ್ಗೆ ಒಂದೇ ಹೊತ್ತು, ಎಂಟು–ಹತ್ತು ವಾರದಲ್ಲಿ ಇಳಿಸಿ ನಿಲ್ಲಿಸಬೇಕು. ನಿಲ್ಲಿಸಿದ ಕೂಡಲೇ ಮರುಕಳಿಸಿತು ಅಂತ ಎರಡನೇ, ಮೂರನೇ ಕೋರ್ಸ್ ಕೊಡುವುದೇ ಬೆಳವಣಿಗೆಗೆ ಬೀಳುವ ದೊಡ್ಡ ಪೆಟ್ಟು. ಮುಖ ದುಂಡಗಾಗಿ, ಹಸಿವು ಹೆಚ್ಚಿ ಮಗು "ತುಂಬಿಕೊಂಡಿದೆ" ಅಂತ ನೆಂಟರು ಮೆಚ್ಚುತ್ತಾರೆ. ಎತ್ತರದ ಗೆರೆ ಮಾತ್ರ ಅಲ್ಲೇ ನಿಂತಿರುತ್ತದೆ.

ಇನ್‌ಫ್ಲಿಕ್ಸಿಮ್ಯಾಬ್ ಅಮೆರಿಕದಲ್ಲಿ ದೊಡ್ಡವರ ಕ್ರೋನ್ಸ್‌ಗೆ ಅನುಮತಿ ಪಡೆದದ್ದು 1998ರಲ್ಲಿ, ಮಕ್ಕಳ ಕ್ರೋನ್ಸ್‌ಗೆ 2006ರಲ್ಲಿ. ಅಡಾಲಿಮುಮ್ಯಾಬ್‌ಗೆ 2007 ಮತ್ತು 2014. ಹೊಸ ಔಷಧಿಗಳದ್ದೂ ಇದೇ ಕತೆ: ಮಕ್ಕಳ ವೈದ್ಯರು ವರ್ಷಗಟ್ಟಲೆ ದೊಡ್ಡವರ ಅಂಕಿಅಂಶ ಹಿಡಿದೇ ನಡೆಸಬೇಕಾಗುತ್ತದೆ. ಇಲ್ಲಿ ಎಡವುವ ಜಾಗ ಡೋಸ್. ಇನ್‌ಫ್ಲಿಕ್ಸಿಮ್ಯಾಬ್ ಚೀಟಿಯಲ್ಲಿ ಎಲ್ಲರಿಗೂ ಕಿಲೊಗೆ 5 ಮಿ.ಗ್ರಾಂ, 0, 2, 6ನೇ ವಾರ, ಆಮೇಲೆ ಎಂಟು ವಾರಕ್ಕೊಮ್ಮೆ ಅಂತಲೇ ಇರುತ್ತದೆ. ಆದರೆ ಸಣ್ಣ ದೇಹ ತನ್ನ ತೂಕಕ್ಕೆ ಹೋಲಿಸಿದರೆ ಔಷಧಿಯನ್ನು ಬೇಗ ಹೊರಹಾಕುತ್ತದೆ. ರಕ್ತದ ಅಲ್ಬುಮಿನ್ ಪ್ರೋಟೀನ್ ಕಡಿಮೆ ಇದ್ದರೆ ಇನ್ನೂ ಬೇಗ. 30 ಕೆಜಿಗಿಂತ ಹಗುರ ಇರುವ ಮಕ್ಕಳಲ್ಲಿ ಐದರ ಡೋಸ್ ಎಷ್ಟೋ ಸಲ ಸಾಲುವುದಿಲ್ಲ, ಕಿಲೊಗೆ 10ರವರೆಗೆ ಏರಿಸಬೇಕು ಅಥವಾ ಅಂತರ ತಗ್ಗಿಸಬೇಕು. ನಾಲ್ಕನೇ ಡೋಸಿಗೆ ಮುಂಚೆ ರಕ್ತದಲ್ಲಿ ಔಷಧಿಯ ಮಟ್ಟ ಮಿಲಿಲೀಟರಿಗೆ 5 ಮೈಕ್ರೋಗ್ರಾಂ ದಾಟಿದೆಯೇ ನೋಡಬೇಕು. ಮಟ್ಟ ತಗ್ಗಿಯೇ ಉಳಿದರೆ ದೇಹ ಅದರ ವಿರುದ್ಧ ಪ್ರತಿಕಾಯ ಕಟ್ಟಿಕೊಂಡು ಔಷಧಿಯೇ ಕೈಬಿಟ್ಟುಹೋಗುತ್ತದೆ, ಮುಂದಿನ ಅರವತ್ತು ವರ್ಷಕ್ಕೆ ಇರುವ ಔಷಧಿಗಳೇ ಬೆರಳೆಣಿಕೆಯಷ್ಟು. ವಯಲ್ 100 ಮಿ.ಗ್ರಾಂನದು. 24 ಕೆಜಿ ಮಗುವಿಗೆ ಲೆಕ್ಕದಂತೆ 120 ಬಂದರೆ ಎರಡನೇ ವಯಲ್‌ನ 80 ಚೆಲ್ಲುವುದಕ್ಕಿಂತ 200 ಪೂರ್ತಿ ಕೊಡುವುದೇ ಇಂಥ ಮಗುವಿಗೆ ಸರಿ ಅನ್ನುವುದು ನನ್ನ ಅಭಿಪ್ರಾಯ. ಖರ್ಚು ಉಳಿಸಲು 100ಕ್ಕೆ ಇಳಿಸುವುದು ಸುಳ್ಳು ಉಳಿತಾಯ.

ಈ ಇಂಜೆಕ್ಷನ್ ಶುರು ಮಾಡುವ ಮೊದಲು ಎದೆಯ ಎಕ್ಸ್‌ರೇ, ಕ್ಷಯಕ್ಕೆ ಚರ್ಮದಲ್ಲಿ ಮಾಡುವ ಮಾಂಟೂ ಪರೀಕ್ಷೆ, ರಕ್ತದಲ್ಲಿ ಮಾಡುವ ಇಗ್ರಾ ಮೂರೂ ಆಗಬೇಕು. ಸ್ಟಿರಾಯ್ಡ್ ಮೇಲಿರುವ ಮಗುವಿನಲ್ಲಿ ಮಾಂಟೂ ಸುಳ್ಳೇ ನೆಗೆಟಿವ್ ಬರಬಹುದು. ಸುಪ್ತ ಕ್ಷಯ ಕಂಡರೆ ಅದರ ಔಷಧಿ ಕನಿಷ್ಠ 3–4 ವಾರ ಹೋದ ಮೇಲೆ ಇನ್‌ಫ್ಲಿಕ್ಸಿಮ್ಯಾಬ್.

ಕೊಲೈಟಿಸ್‌ನಲ್ಲಿ ದೊಡ್ಡವರಿಗೂ ಮಕ್ಕಳಿಗೂ ಔಷಧಿ ಹೆಚ್ಚುಕಮ್ಮಿ ಅದೇ, ಕಾಯಿಲೆಯ ಹರವು ಬೇರೆ. ದೊಡ್ಡವರಲ್ಲಿ ಬಹಳ ಮಂದಿಗೆ ಅದು ಕರುಳಿನ ಕೊನೆಯಲ್ಲೋ ಎಡಭಾಗದಲ್ಲೋ ನಿಲ್ಲುತ್ತದೆ. ಮಕ್ಕಳಲ್ಲಿ ಹೆಚ್ಚಿನವರಿಗೆ ದೊಡ್ಡ ಕರುಳು ಪೂರ್ತಿ. ಮೆಸಲಜೀನ್ ದಿನಕ್ಕೆ ಕಿಲೊಗೆ 60–80 ಮಿ.ಗ್ರಾಂ. ಮಾತ್ರೆ ನುಂಗಲು ಬಾರದು ಅಂತ ಅಮ್ಮಂದಿರು ಅದನ್ನು ಪುಡಿಮಾಡಿ ಜೇನಿನಲ್ಲಿ ಕಲಸುತ್ತಾರೆ. ಕರುಳಿನ ಕೊನೆಗೆ ಹೋಗಿ ಕರಗಲಿ ಅಂತಲೇ ಆ ಮಾತ್ರೆಗೆ ಕವಚ ಹಾಕಿರುವುದು. ಒಡೆದರೆ ಮೇಲಿನ ಕರುಳಲ್ಲೇ ರಕ್ತಕ್ಕೆ ಸೇರಿಹೋಗುತ್ತದೆ, ಹುಣ್ಣಿಗೆ ತಲುಪುವುದಿಲ್ಲ. ಸ್ಯಾಶೆಯ ಕಾಳು ಕೊಡಬಹುದು, ಅಗಿಯಬಾರದು, ನೀರಿನೊಡನೆ ನುಂಗಬೇಕು.

ತೀವ್ರ ಕೊಲೈಟಿಸ್ ಆಸ್ಪತ್ರೆಯ ಕೆಲಸ. ದೊಡ್ಡವರಿಗೆ ದಿನಕ್ಕೆ ಆರು ಅಥವಾ ಹೆಚ್ಚು ರಕ್ತಭೇದಿ, ಜೊತೆಗೆ ನಾಡಿ, ಜ್ವರ, ಹಿಮೋಗ್ಲೋಬಿನ್, ಉರಿಯೂತ ತೋರಿಸುವ ಇಎಸ್‌ಆರ್ ನೋಡುತ್ತಾರೆ. ಮಕ್ಕಳಿಗೆ ಪುಕಾಯ್ ಅನ್ನುವ ಅಂಕಪಟ್ಟಿ: ಹೊಟ್ಟೆನೋವು, ರಕ್ತ, ಮಲದ ಗಟ್ಟಿತನ, ಎಷ್ಟು ಸಲ, ರಾತ್ರಿ ಏಳುವುದು, ಆಟ–ಓಡಾಟ. ಒಟ್ಟು 85, ರಕ್ತಪರೀಕ್ಷೆ ಬೇಕಿಲ್ಲ. 65 ಮುಟ್ಟಿದರೆ ತೀವ್ರ. ರಕ್ತನಾಳಕ್ಕೆ ಸ್ಟಿರಾಯ್ಡ್ ಕೊಟ್ಟು ಮೂರನೇ ದಿನಕ್ಕೂ 45 ದಾಟಿದ್ದರೆ ಎರಡನೇ ಔಷಧಿಗೆ ಸಿದ್ಧತೆ, ಐದನೇ ದಿನಕ್ಕೂ 65 ದಾಟಿದ್ದರೆ ಶುರು. ಅಷ್ಟರೊಳಗೆ ಮಲದಲ್ಲಿ ಸಿ. ಡಿಫಿಸಿಲ್, ಬಯಾಪ್ಸಿಯಲ್ಲಿ ಸಿಎಂವಿ ವೈರಸ್ ನೋಡಿರಬೇಕು, ಸರ್ಜನ್‌ಗೂ ಹೇಳಿರಬೇಕು. ಎಕ್ಸ್‌ರೇಯಲ್ಲಿ ಕರುಳು 6 ಸೆಂ.ಮೀ. ಹಿಗ್ಗಿದರೆ ಅಪಾಯ ಅನ್ನುವುದು ದೊಡ್ಡವರ ಅಳತೆ. ಹತ್ತು ವರ್ಷದೊಳಗಿನ ಮಗುವಿಗೆ 4 ಸೆಂ.ಮೀ. ದಾಟಿದರೇ ಅಪಾಯ.

ತೀರಾ ಚಿಕ್ಕವರು

ಆರು ವರ್ಷದೊಳಗೆ, ಅದರಲ್ಲೂ ಎರಡು ವರ್ಷದೊಳಗೆ ಶುರುವಾದರೆ ಯೋಚನೆಯ ದಿಕ್ಕೇ ಬೇರೆ. ಕೂಸುಗಳಲ್ಲಿ ಮೊದಲು ಹಸುವಿನ ಹಾಲಿನ ಅಲರ್ಜಿ ಅಲ್ಲ ಅಂತ ಖಚಿತ ಮಾಡಿಕೊಂಡು, ಆಮೇಲೆ ರೋಗನಿರೋಧಕ ಶಕ್ತಿಯ ಹುಟ್ಟುದೋಷ ಹುಡುಕಬೇಕು. ಉರಿಯೂತ ತಣಿಸುವ ಐಎಲ್–10 ಪ್ರೋಟೀನಿನ ಗ್ರಾಹಕದ ದೋಷ 2009ರಲ್ಲಿ ಪತ್ತೆಯಾಯಿತು. ಅಪ್ಪ, ಅಮ್ಮ ಇಬ್ಬರಿಂದಲೂ ದೋಷದ ಪ್ರತಿ ಬಂದಾಗ ಮಗುವಿಗೆ ಕಾಯಿಲೆ, ಹಾಗಾಗಿ ಅಕ್ಕನ ಮಗಳು, ಸೋದರತ್ತೆ ಮಗ ಅಂತ ಸಂಬಂಧದಲ್ಲೇ ಮದುವೆಯಾಗುವ ನಮ್ಮ ಕಡೆ ಈ ಪ್ರಶ್ನೆಯನ್ನು ಸಂಕೋಚವಿಲ್ಲದೆ ಕೇಳಬೇಕು. ಇದಕ್ಕೆ ಮದ್ದು ಮಜ್ಜೆ ಕಸಿ. ಸಾಮಾನ್ಯ ಐಬಿಡಿ ಅಂತ ಒಂದಾದ ಮೇಲೊಂದು ಔಷಧಿ ಸುರಿದರೆ ಕಸಿಯ ಹೊತ್ತಿಗೆ ಕೂಸು ಬಸವಳಿದಿರುತ್ತದೆ. ಹುಡುಗನಾದರೆ ಇನ್ನೊಂದು ಜೀನಾದ ಎಕ್ಸ್‌ಐಎಪಿ ದೋಷವನ್ನೂ ನೋಡಬೇಕು.

ಲಸಿಕೆಯ ವಿಷಯ ದೊಡ್ಡವರಲ್ಲಿ ಹೆಚ್ಚಾಗಿ ಹೆಪಟೈಟಿಸ್ ಬಿ, ನ್ಯುಮೋನಿಯಾದಲ್ಲಿ ಮುಗಿಯುತ್ತದೆ. ಮಕ್ಕಳಲ್ಲಿ ಚಿಕನ್‌ಪಾಕ್ಸ್–ದಡಾರಗಳ ಜೀವಂತ ಲಸಿಕೆ ಬಾಕಿ ಇದ್ದರೆ ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧಿ ಶುರುವಿಗೆ ನಾಲ್ಕು ವಾರ ಮೊದಲೇ ಹಾಕಿಸಬೇಕು, ಆಮೇಲೆ ಬಾಗಿಲು ಮುಚ್ಚಿದ ಹಾಗೆ. ಪಲ್ಸ್ ಪೋಲಿಯೊ ಭಾನುವಾರ ಆಶಾ ಕಾರ್ಯಕರ್ತೆ ಮನೆ ಬಾಗಿಲಿಗೆ ಬಂದರೆ, ಈ ಔಷಧಿ ತೆಗೆದುಕೊಳ್ಳುವ ಮಗುವಿಗೆ ಹನಿ ಬೇಡ ಅಂತ ಹೇಳಿ, ವೈದ್ಯರ ಪತ್ರ ತೋರಿಸಿ. ಅದೇ ಮನೆಯ ತಮ್ಮ–ತಂಗಿಗೂ ಹನಿಯ ಬದಲು ಇಂಜೆಕ್ಷನ್. ಜೀವಂತ ವೈರಸ್ ಮಲದಲ್ಲಿ ಹೊರಬಂದು ಮನೆಯವರಿಗೆ ದಾಟಬಲ್ಲದು.

ಫೈಲ್ ಕೈ ಬದಲಾಗುವಾಗ

ಮೂರು ತಿಂಗಳಿಗೊಮ್ಮೆ ಎತ್ತರ, ತೂಕ, ಹರೆಯದ ಹಂತ; ಬೇಕಾದಾಗ ಕೈಯ ಎಕ್ಸ್‌ರೇ ತೆಗೆದು ಎಲುಬಿನ ವಯಸ್ಸು. ವರ್ಷಕ್ಕೆ 4 ಸೆಂ.ಮೀ. ಬೆಳೆಯದ ಮಗುವಿಗೆ ಹೊಟ್ಟೆನೋವು ಇಲ್ಲದಿದ್ದರೂ ಕಾಯಿಲೆ ಒಳಗೇ ಉರಿಯುತ್ತಿದೆ ಅಂತಲೇ ನೋಡಬೇಕು. ಹದಿಮೂರಾದರೂ ಹುಡುಗಿಯಲ್ಲಿ, ಹದಿನಾಲ್ಕಾದರೂ ಹುಡುಗನಲ್ಲಿ ಹರೆಯದ ಗುರುತು ಕಾಣದಿದ್ದರೆ ಕಾಯುತ್ತಾ ಕೂರಬಾರದು. ಕಾಯಿಲೆ ಸಣ್ಣ ಕರುಳಿನ ಕೊನೆಯ ಒಂದೇ ತುಂಡಿನಲ್ಲಿದ್ದರೆ, ಹರೆಯ ಮುಗಿಯುವ ಮೊದಲೇ ಅದನ್ನು ಕತ್ತರಿಸಿ ತೆಗೆದರೆ ಎತ್ತರ ಕೂಡಿಕೊಳ್ಳುವುದುಂಟು. ಇಪ್ಪತ್ತರ ಮೇಲೆ ಅದೇ ಶಸ್ತ್ರಚಿಕಿತ್ಸೆಯಿಂದ ಹೊಟ್ಟೆ ಸರಿಹೋಗುತ್ತದೆ, ಎತ್ತರ ಬರುವುದಿಲ್ಲ.

ಹದಿನೆಂಟರ ಸುಮಾರಿಗೆ ದೊಡ್ಡವರ ವಿಭಾಗಕ್ಕೆ ಹೋಗುವಾಗ ಎಷ್ಟೋ ಹುಡುಗರಿಗೆ ತಮ್ಮ ಮಾತ್ರೆಯ ಹೆಸರೂ ಗೊತ್ತಿರುವುದಿಲ್ಲ, ಅಮ್ಮನ ಬ್ಯಾಗಿನಲ್ಲಿ ಎಲ್ಲ ಇರುತ್ತದೆ. ಹದಿಮೂರು–ಹದಿನಾಲ್ಕರಿಂದಲೇ ಡೋಸನ್ನು ಅವರ ಬಾಯಲ್ಲೇ ಹೇಳಿಸಿ. ಜೊತೆಗೆ ಒಂದು ಪುಟ ಬರೆದು ಕೊಡಿ: ಯಾವ ವಯಸ್ಸಿಗೆ ಶುರು, ಕರುಳಿನ ಯಾವ ಭಾಗ, ಎಷ್ಟು ಸ್ಟಿರಾಯ್ಡ್ ಕೋರ್ಸ್, ಎನ್‌ಯುಡಿಟಿ15 ಫಲಿತಾಂಶ, ಇನ್‌ಫ್ಲಿಕ್ಸಿಮ್ಯಾಬ್ ಮಟ್ಟ, ಹಾಕಿದ ಲಸಿಕೆ, ಕ್ಷಯ ಪರೀಕ್ಷೆಯ ದಿನಾಂಕ. ಶುರುವಾದ ವರ್ಷವನ್ನು ದಪ್ಪಕ್ಷರದಲ್ಲಿ ಬರೆಯಿರಿ. ಕೊಲೈಟಿಸ್‌ನಲ್ಲಿ ಕ್ಯಾನ್ಸರ್ ತಪಾಸಣೆಯ ಸ್ಕೋಪ್ ಶುರುವಾಗುವುದು ಕಾಯಿಲೆ ಬಂದ ಸುಮಾರು ಎಂಟು ವರ್ಷಕ್ಕೆ. ಎಂಟರಲ್ಲಿ ಕಾಯಿಲೆ ಬಂದ ಹುಡುಗನಿಗೆ ದೊಡ್ಡವರ ವಿಭಾಗದ ಮೊದಲ ಭೇಟಿಯ ಹೊತ್ತಿಗೆ ಆ ತಪಾಸಣೆಯ ದಿನ ಆಗಲೇ ಬಂದಿರುತ್ತದೆ, ಎದುರಿಗೆ ಕೂತ ಹದಿನೆಂಟರ ಮುಖ ನೋಡಿ ಹೊಸ ಡಾಕ್ಟರಿಗೆ ಅದು ಹೊಳೆಯುವುದಿಲ್ಲ.